ಎರಡು ಬಂದೂಕು, ಒಂದು ಬೆರಳು

ನನ್ನ ತಮ್ಮನ ಕೈಯಲ್ಲಿದ್ದ ಬಂದೂಕಿನಿಂದ ಹಾರಿದ ಗುಂಡು ನನ್ನ ಗಂಡನ ತೊಡೆಗೆ ಬಿತ್ತು. ಎಲ್ಲರೂ ಒಪ್ಪುವ ಸಂಗತಿ ಇಷ್ಟೇ. ಅದರಾಚೆಗೆ ಬಾಯಿಗೊಂದು ಮಾತು. ಅತ್ತೆಯ ಪ್ರಕಾರ ಅದು ಹಗೆ. ನಮ್ಮ ಸಸಿ ನರ್ಸರಿಯ ಆಳುಗಳ ಪ್ರಕಾರ ಗ್ರಹಚಾರ. ಇನ್‌ಸ್ಪೆಕ್ಟರ್ ಪ್ರಕಾರ ಈಗಲೇ ಏನೂ ಹೇಳುವಂತಿಲ್ಲ. ಇನ್ನು ತಮ್ಮನನ್ನೇ ಕೇಳೋಣವೆಂದರೆ ಅವನು ಠಾಣೆಯ ಬೆಂಚಿನ ಮೇಲೆ ಬೆನ್ನು ಸೆಟೆಸಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ. ಅದೂ ಕೊಡದಿದ್ದರೇ ವಾಸಿ ಎನ್ನುವಂಥ ಉತ್ತರ.

"ಬೆರಳು ಟ್ರಿಗರ್ ಮೇಲಿತ್ತಾ?"

"ಇತ್ತು."

"ಗುರಿ ಹಿಡಿದಿದ್ರಾ?"

"ಹಿಡಿದಿದ್ದೆ."

"ಹಿಂದಿನ ದಿನ ನಿಮಗೂ ನಿಮ್ಮ ಭಾವನಿಗೂ ಜಗಳ ಆಗಿತ್ತಂತೆ?"

"ಅವರು ಬೈದ್ರು. ನಾನು ನಿಂತಿದ್ದೆ."

ಗುಂಡು ಹಾರಿದ ಮಾರನೆಯ ಬೆಳಿಗ್ಗೆ ಇದನ್ನೆಲ್ಲ ನನಗೆ ಹೇಳುವಾಗ ಇನ್‌ಸ್ಪೆಕ್ಟರ್ ಹೆಂಗಸಿನ ಮುಖದಲ್ಲಿ ಮರುಕವಿತ್ತು. "ತನ್ನ ಗುಂಡಿ ತಾನೇ ತೋಡ್ಕೊಳ್ತಿದಾರಮ್ಮ ನಿಮ್ಮ ತಮ್ಮ" ಎಂದಳು. "ಅಂಥದೇ ಬಂದೂಕನ್ನ ಸೈನ್ಯದಲ್ಲಿ ಅಷ್ಟು ವರ್ಷ ಹಿಡಿದೋರು. ಕೈತಪ್ಪಿ ಹಾರಿತು ಅಂದ್ರೆ ಯಾರು ನಂಬ್ತಾರೆ? ಹಾಗಂತ ಅವರೂ ಹೇಳ್ತಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಯಜಮಾನ್ರ ಹೇಳಿಕೆ ತಗೋತೀನಿ. ಆಕಸ್ಮಿಕ ಅಂತ ಅವರು ಅಂದ್ರೆ ನಿಮ್ಮ ತಮ್ಮನ್ನ ಮನೆಗೆ ಕಳಿಸ್ತೀನಿ. ಬೇಕಂತಲೇ ಹೊಡೆದ ಅಂದ್ರೆ ಜೈಲು. ಮಧ್ಯದಲ್ಲಿ ಏನೂ ಇಲ್ಲ."

ನಾನು ಆಸ್ಪತ್ರೆಗೆ ಓಡಿದೆ. ಇವರು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಸೀಲಿಂಗಿನ ಫ್ಯಾನು ನೋಡುತ್ತ ಮಲಗಿದ್ದರು. ಗುಂಡು ಮೂಳೆ ಬಿಟ್ಟು ಮಾಂಸದಲ್ಲಿ ಹಾದು ಹೋಗಿತ್ತು. ನಾಳೆ ಏನು ಹೇಳುತ್ತೀರಿ ಎಂದು ಕೇಳಿದೆ.

"ನನಗೇನು ಗೊತ್ತು? ನರ್ಸರಿಯ ನೀರಿನ ತೊಟ್ಟಿ ಪಕ್ಕ ನಿಂತಿದ್ದೆ, ಬಿದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವನ ಜೊತೆ ಬೆಳೆದೋಳು ನೀನು. ನೀನೇ ತಿಳ್ಕೊಂಡು ಬಾ. ನೀನು ಏನು ಹೇಳ್ತೀಯೋ ಅದನ್ನೇ ಬರೆಸ್ತೀನಿ" ಎಂದರು.

ನನಗೆ ಕೋಪ ಬಂತು. ಬರಬಾರದ ಹೊತ್ತಿನಲ್ಲಿ ಕೋಪ ಬರುವುದು ನನ್ನ ಹುಟ್ಟುಗುಣ, ಸುಟ್ಟರೂ ಹೋಗುವುದಲ್ಲ. ಗುಂಡು ತಿಂದವರು ಇವರು, ಹೊಡೆದವನು ಅವನು, ತೀರ್ಪು ಹೇಳುವವಳು ನಾನೇ? ಅತ್ತ ದರಿ, ಇತ್ತ ಪುಲಿ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಲಿಯುವವರ ಪಕ್ಕ ಕೂತು, ನನ್ನ ಕಾಲ ಕೆಳಗಿರುವ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಜೀವನ ಸಾಗಿಸಿದವಳು. ಯಾರ ತಪ್ಪನ್ನಾದರೂ ಗೋಡೆಗೆ ಮುಟ್ಟುವ ಮೊದಲು ನಿಲ್ಲಿಸಬಲ್ಲೆ ಎಂಬ ಜಂಬ ನನಗಿತ್ತು. ಈ ಸಲ ನಾನು ಅಲ್ಲಿರಲೇ ಇಲ್ಲ. ಒಬ್ಬ ಹುಡುಗಿಗೆ ರಿವರ್ಸ್ ಕಲಿಸುತ್ತ, ನಾಲ್ಕನೇ ಸಲವೂ ಕಂಬಕ್ಕೇ ಹೋಗುತ್ತೀಯಲ್ಲ ಎಂದು ಕಿರುಚುತ್ತಿದ್ದೆ.

ಜಗಳದ ಮೂಲ ಹೇಳಿಬಿಡುತ್ತೇನೆ. ನನ್ನ ತಮ್ಮ ಸೈನ್ಯದಿಂದ ಬಿಡುಗಡೆಯಾಗಿ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದ. ಬಂದವನು ಹೊದಿಕೆಯನ್ನು ಇಟ್ಟಿಗೆಯ ಹಾಗೆ ಮಡಿಸಿದ. ಚಪ್ಪಲಿಗಳನ್ನು ಸಾಲಾಗಿ ನಿಲ್ಲಿಸಿದ. ಅತ್ತೆಯ ಔಷಧಿ ಬಾಟಲಿಗಳನ್ನು ಎತ್ತರದ ಪ್ರಕಾರ ಜೋಡಿಸಿದ, ಅತ್ತೆ ಎರಡು ದಿನ ಕೆಮ್ಮಿಗೆ ಮೊಣಕಾಲಿನ ಔಷಧಿ ಕುಡಿದರು. ನಕ್ಕು ಸುಮ್ಮನಾದೆವು. ಆಮೇಲೆ ಇವರು ಅವನನ್ನು ನರ್ಸರಿಗೆ ಕರೆದುಕೊಂಡು ಹೋದರು. ಅಲ್ಲಿ ಕಸಿ ಕಟ್ಟಿದ ಹಣ್ಣಿನ ಸಸಿಗಳು ತಳಿವಾರು ಸಾಲಿನಲ್ಲಿರುತ್ತವೆ. ಎಳೆಯ ಸಸಿಗಳ ಎಲೆ ನೋಡಿ ತಳಿ ಹೇಳಲು ಬರುವುದಿಲ್ಲ, ಯಾವ ಸಾಲಿನಲ್ಲಿದೆ ಎಂಬುದೇ ಅದರ ಗುರುತು. ನನ್ನ ತಮ್ಮ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ, ಉಪಕಾರ ಮಾಡುವ ಉಮೇದಿನಲ್ಲಿ, ಇಡೀ ಪಾತಿಯ ಸಸಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದ. ಕುಳ್ಳು ಮುಂದೆ, ಉದ್ದ ಹಿಂದೆ. ಪೆರೇಡಿಗೆ ನಿಂತ ಹಾಗೆ.

ಇವರು ಸಂಜೆ ಬಂದು ನೋಡಿ ತಲೆಯ ಮೇಲೆ ಕೈಹೊತ್ತು ಕೂತರು. ಒಂದು ವರ್ಷದ ಕಸಿ ಮಣ್ಣುಪಾಲು. ಆಮೇಲೆ ಎದ್ದು ಆಳುಗಳ ಎದುರಿಗೇ ಬೈದರು. "ಬಂದೂಕು ಒರೆಸ್ಕೊಂಡು ಕೂತಿದ್ದೋನಿಗೆ ಗಿಡದ ಗೊಡವೆ ಯಾಕೆ ಬೇಕಿತ್ತು? ಹೇಳಿದ್ದು ಮಾಡೋಕೆ ಬರುತ್ತೆ, ಯೋಚನೆ ಮಾಡೋಕೆ ಬರಲ್ಲ ನಿನಗೆ." ಅವನು ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ನೇರ ನೋಡುತ್ತ, ಪೂರ್ತಿ ಕೇಳಿಸಿಕೊಂಡನಂತೆ. ರಾತ್ರಿ ಊಟಕ್ಕೆ ಬರಲಿಲ್ಲ. ಇವರು ನನ್ನ ಮುಖ ನೋಡಿ, "ಸ್ವಲ್ಪ ಜಾಸ್ತಿ ಆಯ್ತೇನೋ" ಎಂದರು. "ಸ್ವಲ್ಪ ಅಲ್ಲ" ಎಂದೆ.

ಅದಕ್ಕೇ ಮಾರನೆಯ ದಿನ ಸಂಜೆ, ಕಾಡುಹಂದಿ ನರ್ಸರಿಗೆ ನುಗ್ಗಿದೆ ಎಂದು ಆಳು ಕೂಗಿದಾಗ, ಇವರು ಬಂದೂಕನ್ನು ತಮ್ಮನ ಕೈಗೆ ಕೊಟ್ಟದ್ದು. ಎಂದೂ ಯಾರಿಗೂ ಮುಟ್ಟಲು ಬಿಡದ ಬಂದೂಕು. "ಬಾರೋ ಸಿಪಾಯಿ, ನಾನು ಓಡಿಸ್ತೀನಿ, ನೀನು ಹೊಡಿ. ನಿನ್ನ ಕೈಚಳಕ ನೋಡೋಣ" ಎಂದರಂತೆ. ಅದು ಇವರ ಕ್ಷಮೆ ಕೇಳುವ ರೀತಿ. ನೇರವಾಗಿ ಕೇಳಿದರೆ ಇವರ ನಾಲಿಗೆ ಬಿದ್ದುಹೋಗುತ್ತದೆ. ಸಸಿಯ ಚೀಲಗಳಿಗೆ ಮಣ್ಣು ತುಂಬುವ ಶೆಡ್ಡಿನಲ್ಲಿ ಅವನು ಮೇಜಿನ ಮೇಲೆ ಮೊಣಕೈ ಊರಿ ಕೂತ. ಇವರು ಸುತ್ತು ಹಾಕಿ ಹೋದರು. ಗುಂಡು ಹಾರಿತು. ತಮ್ಮನೇ ಓಡಿಹೋಗಿ, ಅಂಗಿ ಹರಿದು ಗಾಯದ ಮೇಲೆ ಬಿಗಿದು, ಇವರನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದ. ಅಷ್ಟು ಬೇಗ ಕಟ್ಟದಿದ್ದರೆ ರಕ್ತ ಹೋಗಿ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಕೊಲ್ಲಬಹುದಿದ್ದವನೂ ಅವನೇ, ಕಾಯ್ದವನೂ ಅವನೇ.

ಆಸ್ಪತ್ರೆಯಿಂದ ನೇರವಾಗಿ ನರ್ಸರಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಎಲ್ಲಿಗಾದರೂ ಹೋಗಬೇಕಿತ್ತು. ಶೆಡ್ಡಿನ ಮೇಜಿನ ಮೇಲೆ ಪೊಲೀಸರು ಸೀಮೆಸುಣ್ಣದ ಗೀಟು ಹಾಕಿದ್ದರು. ಅವನು ಕೂತಿದ್ದ ಸ್ಟೂಲಿನ ಮೇಲೇ ನಾನು ಕೂತು, ಅದೇ ಗೀಟಿನ ಮೇಲೆ ಮೊಣಕೈ ಇಟ್ಟೆ. ಹಂದಿ ಮೂತಿಯಿಂದ ಕೆದಕಿದ ಮಣ್ಣು ಎಡಗಡೆ, ಹಸಿರು ನೆರಳುಬಲೆಯ ಕೆಳಗಿತ್ತು. ನೀರಿನ ತೊಟ್ಟಿ ಬಲಗಡೆ. ಅದರ ಪಕ್ಕದ ರಕ್ತದ ಕಲೆಯ ಮೇಲೆ ಯಾರೋ ಮರಳು ಹಾಕಿದ್ದರು. ಎಡಗೈ ಒಂದರ ಕಡೆ, ಬಲಗೈ ಇನ್ನೊಂದರ ಕಡೆ ಚಾಚಿದೆ. ಬೆದರುಬೊಂಬೆಯ ಹಾಗೆ ಎರಡೂ ಕೈ ಅಗಲಿಸಿ ಕೂತಿದ್ದ ನನ್ನನ್ನು ಆಳು ವಿಚಿತ್ರವಾಗಿ ನೋಡಿದ. ಎರಡರ ನಡುವೆ ಅಷ್ಟು ದೂರ! ಕೈ ಇಳಿಸಿ ಎದ್ದುಬಿಟ್ಟೆ.

ಮನೆಯಲ್ಲಿ ಅತ್ತೆ ಕಾದು ಕೂತಿದ್ದರು. "ಹಾವಿಗೆ ಹಾಲೆರೆದ ಹಾಗಾಯ್ತು. ನನ್ನ ಮಗ ಬೈದಿದ್ದು ನಿಜ. ಬೈದ್ರೆ ಗುಂಡು ಹೊಡೀತಾರಾ? ಹಾಗಾದ್ರೆ ಈ ಮನೇಲಿ ಎಷ್ಟು ಜನ ಉಳೀತಿದ್ರು?" ನನ್ನನ್ನು ಉದ್ದೇಶಿಸಿಯೇ ಹೇಳಿದ ಮಾತು. ಉತ್ತರ ಕೊಡಲು ಬಾಯಿ ತೆರೆದೆ. ಅತ್ತೆ ಬಿಡಲಿಲ್ಲ. "ಸೈನ್ಯದ ಬಂದೂಕನ್ನ ಮನೇಲಿ ಇಡಬೇಡ ಅಂತ ಬಡ್ಕೊಂಡೆ" ಎಂದರು ಅತ್ತೆ.

"ಅದು ಸೈನ್ಯದ್ದಲ್ಲ ಅತ್ತೆ. ಅಂಗಡಿಯದು."

"ನೋಡೋಕೆ ಅದೇ ತರ ಇದೆಯಲ್ಲ, ಕರೀದು?"

ಅದೂ ಸರಿಯೇ. ನೋಡಲು ಅದೇ ತರ ಇತ್ತು. ಹಾಗಾದರೆ ಅದು ಬೇರೆ ಹೇಗೆ? ಬೇರೆಯಲ್ಲದಿದ್ದರೆ ಅದನ್ನು ಅಷ್ಟು ವರ್ಷ ಹಿಡಿದ ಕೈ ತಪ್ಪಿದ್ದು ಹೇಗೆ? ಮಾತಿಗೆ ಕೊಟ್ಟ ಉತ್ತರ ನನಗೇ ಪ್ರಶ್ನೆಯಾಗಿ ಅಂಟಿಕೊಂಡಿತು. ಕಾರು ತೆಗೆದೆ.

ಇವರು ಬಂದೂಕು ಕೊಂಡದ್ದು ಪೇಟೆಯ ಮೂಲೆಯಲ್ಲಿರುವ ಒಂದು ಸಣ್ಣ ಅಂಗಡಿಯಲ್ಲಿ. ಅದರ ಮಾಲೀಕನಿಗೆ ಎಲ್ಲರೂ ಸ್ಪ್ರಿಂಗಪ್ಪ ಎನ್ನುತ್ತಾರೆ. ಸ್ಪ್ರಿಂಗು ಬದಲಿಸುವುದು ಅವನ ಕಸುಬು, ಪುಟಿಯುತ್ತ ನಡೆಯುವುದು ಅವನ ಅಭ್ಯಾಸ, ಹೆಸರು ಯಾವುದರಿಂದ ಬಂತೋ. ಅಂಗಡಿಯ ತುಂಬ ಎಣ್ಣೆಯ ವಾಸನೆ. ಗೋಡೆಗೆ ಸರಪಳಿ ಹಾಕಿದ ಬಂದೂಕುಗಳು, ಮೇಜಿನ ಮೇಲೆ ನಳಿಗೆ ಉಜ್ಜುವ ಕಡ್ಡಿಗಳು, ಒಂದು ತಟ್ಟೆಯಲ್ಲಿ ಅರ್ಧ ತಿಂದ ಬಿಸ್ಕತ್ತು. ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು.

"ನಮ್ಮ ಬಂದೂಕಿಗೂ ಸೈನ್ಯದ ಬಂದೂಕಿಗೂ ಏನು ವ್ಯತ್ಯಾಸ?" ಎಂದು ಕೇಳಿದೆ.

ಕೇಳಬಾರದಿತ್ತು. ಮೂವತ್ತು ವರ್ಷದಿಂದ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದವನ ಹಾಗೆ ಅವನ ಮುಖ ಅರಳಿತು. "ಅಕ್ಕತಂಗಿ ಇದ್ದ ಹಾಗಮ್ಮ. ಮೂಗು ಕಣ್ಣು ಒಂದೇ, ನಡತೆ ಬೇರೆ" ಎಂದು ಶುರುಮಾಡಿದ. ಸೈನ್ಯದ್ದು ಒಂದೇ ಎಳೆತಕ್ಕೆ ಸಾಲಾಗಿ ಗುಂಡು ಉಗುಳಬಲ್ಲದು. ಅಂಗಡಿಯದಕ್ಕೆ ಆ ಭಾಗ್ಯವಿಲ್ಲ, ಒಂದು ಎಳೆತಕ್ಕೆ ಒಂದೇ ಗುಂಡು. ಸೈನ್ಯದ್ದರಲ್ಲಿ ಗುಂಡು ಕೂರುವ ಗೂಡು ಕೊಂಚ ಸಡಿಲ, ಕೆಸರು ಮೆತ್ತಿದ ಗುಂಡೂ ಕೂರಬೇಕಲ್ಲ. ಅಂಗಡಿಯದರಲ್ಲಿ ಬಿಗಿ, ಗುರಿ ಕೂದಲೆಳೆಯಷ್ಟು ತಪ್ಪಬಾರದಲ್ಲ. ಅದರ ಮೂತಿಗೆ ಚೂರಿ ಸಿಕ್ಕಿಸಬಹುದು, ಇದರದು ಬೋಳು. ಅದಕ್ಕೆ ಮೇಲೆ ಕಬ್ಬಿಣದ ಗುರಿಕಡ್ಡಿ, ಇದಕ್ಕೆ ದುರ್ಬೀನು.

"ಹಾಗಾದ್ರೆ ಬೇರೆ ಬೇರೆ" ಎಂದೆ.

"ಹಾಗೇನಿಲ್ಲ. ಮೂಲ ಒಂದೇ. ಇದರ ನಕ್ಷೆ ಬಂದಿದ್ದೇ ಅದರಿಂದ."

"ಹಾಗಾದ್ರೆ ಒಂದೇ."

"ಒಂದೇ ಅಂದ್ರೆ ಕಾನೂನು ಒಪ್ಪಲ್ಲಮ್ಮ. ಆದ್ರೆ ಕೆಲವು ಬೇಟೆ ಬಂದೂಕು ಸೈನ್ಯದ್ದಕ್ಕಿಂತ ಜೋರು. ಸೈನ್ಯದ ಗುಂಡು ಸಣ್ಣದು. ಆನೆ ಹೊಡೀತಿದ್ದ ಹಳೇ ಬಂದೂಕಿನ ಮುಂದೆ ಅದು ಮಗು."

ನನ್ನ ತಲೆ ಮೊಸರು ಗಡಿಗೆಯಾಯಿತು. ಒಂದೇ, ಆದರೆ ಬೇರೆ. ನಾಗರಿಕರದ್ದು, ಆದರೆ ಜೋರು. ಕಪ್ಪಾಗಿದ್ದ ಮಾತ್ರಕ್ಕೆ ಸೈನ್ಯದ್ದಲ್ಲ, ಮರದ ಹಿಡಿಯಿದ್ದದ್ದೇ ಸೈನ್ಯದ್ದಿರಬಹುದು. ಅವನು ನಳಿಗೆಯ ಒಳಗಿನ ಲೇಪದ ಕಡೆಗೆ ಹೊರಟಾಗ ನಾನು ಮೇಜು ಗುದ್ದಿದೆ. ಬಿಸ್ಕತ್ತು ಹಾರಿತು.

"ನಿಮ್ಮ ಪುರಾಣ ಸಾಕು ಸ್ವಾಮಿ! ಅದನ್ನ ಹಿಡಿದು ಪಳಗಿದ ಬೆರಳು ಇದನ್ನ ಹಿಡಿದ್ರೆ ಏನಾಗುತ್ತೆ? ಅಷ್ಟು ಹೇಳಿ."

ಸ್ಪ್ರಿಂಗಪ್ಪ ಗಪ್ಪಾದ. ನನ್ನನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಆಮೇಲೆ ಒಳಗೆ ಹೋಗಿ ಎರಡು ಬಂದೂಕು ತಂದ. ಒಂದು ಸೈನ್ಯದ್ದು. ಮೆರವಣಿಗೆಗೆಂದು ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ್ದಂತೆ. ಇನ್ನೊಂದು ನಮ್ಮದರ ಜೋಡಿ, ಅದೇ ಕಂಪನಿಯದು. ಎರಡೂ ಖಾಲಿ ಎಂದು ತೆರೆದು ತೋರಿಸಿ, ಮತ್ತೆ ತೆರೆದು ತೋರಿಸಿ, ಗೋಡೆಯ ಕಡೆ ತಿರುಗಿಸಿ ಸೈನ್ಯದ್ದನ್ನು ನನ್ನ ಕೈಗೆ ಕೊಟ್ಟ. "ಎಳೀರಿ. ನಿಧಾನ."

ಎಳೆದೆ. ಟ್ರಿಗರ್ ಸಡಿಲವಾಗಿ ಹಿಂದೆ ಬಂತು. ಏನೂ ಆಗಲಿಲ್ಲ. ಆಮೇಲೆ ಒಂದು ಗೋಡೆಗೆ ತಗುಲಿದ ಹಾಗೆ ನಿಂತಿತು.

"ಅಲ್ಲಿ ನಿಲ್ಲಿ" ಎಂದ. "ಅದು ಮೊದಲ ಒತ್ತು. ಗುರಿ ಸಿಕ್ಕಿದ ಕೂಡಲೇ ಸಿಪಾಯಿ ಅಲ್ಲಿವರೆಗೆ ಎಳೆದು ಇಟ್ಕೊಳ್ತಾನೆ. ಬೇಕಾದಷ್ಟು ಹೊತ್ತು ಹಾಗೇ ಇರಬಹುದು. ಚಳಿಗೆ ಮರಗಟ್ಟಿದ ಬೆರಳು, ಹೆದರಿ ನಡುಗೋ ಬೆರಳು, ಎಲ್ಲಕ್ಕೂ ಅಂತ ಮಾಡಿದ್ದು. ಈಗ ಜೋರಾಗಿ ಎಳೀರಿ."

ಎಳೆದೆ. ಬೆರಳು ನೋಯುವಷ್ಟು ಎಳೆದ ಮೇಲೆ ಟಕ್ ಎಂದಿತು.

"ಈಗ ಇದು."

ಎರಡನೆಯದನ್ನು ಹಿಡಿದು ಬೆರಳಿಟ್ಟೆ. ಟಕ್.

"ನಾನಿನ್ನೂ ಎಳೆದೇ ಇಲ್ಲ" ಎಂದೆ.

"ಅದೇ" ಎಂದ ಸ್ಪ್ರಿಂಗಪ್ಪ.

ಇದು ನನಗೆ ಗೊತ್ತಿದ್ದ ಸಂಗತಿ! ಲಾರಿ ಓಡಿಸಿ ಪಳಗಿದವರು ಕಾರಿಗೆ ಕೈ ಹೊಂದಿಸಿಕೊಳ್ಳಲು ನನ್ನ ಹತ್ತಿರ ಬರುತ್ತಾರೆ. ವರ್ಷಗಟ್ಟಲೆ ಅನುಭವ, ಮೀಸೆ ಬೇರೆ. ಸಣ್ಣ ಕಾರಿನ ಬ್ರೇಕನ್ನು ಲಾರಿಯದರ ಹಾಗೆ ತುಳಿಯುತ್ತಾರೆ, ನನ್ನ ಹಣೆ ಗಾಜಿಗೆ. ಹೊಸಬರು ಹಾಗೆ ಮಾಡುವುದಿಲ್ಲ. ಪಳಗಿದ ಕಾಲೇ ಮಾಡುವ ತಪ್ಪು ಅದು. ನನ್ನ ತಮ್ಮ ಬಂದೂಕು ಹಿಡಿಯಲು ಬಾರದೆ ತಪ್ಪಲಿಲ್ಲ. ಚೆನ್ನಾಗಿ ಬಂದದ್ದಕ್ಕೇ ತಪ್ಪಿದ. ಇನ್‌ಸ್ಪೆಕ್ಟರ್ ವಿಷಯವನ್ನೇ ತಲೆಕೆಳಗಾಗಿ ಹಿಡಿದಿದ್ದಳು. ನನಗೆ ಅಳು ಬಂತು, ಸಂತೋಷವೂ ಆಯಿತು.

"ಎಲ್ಲಾ ಅಂಗಡಿ ಬಂದೂಕೂ ಇಷ್ಟು ಹಗುರಾನಾ?" ಎಂದು ಕಣ್ಣೊರೆಸಿಕೊಂಡು ಕೇಳಿದೆ.

"ಇಷ್ಟಿರಲ್ಲ. ನಿಮ್ಮ ಯಜಮಾನ್ರದ್ದಂತೂ ಇದಕ್ಕಿಂತ ಹಗುರ. ಹೋದ ವರ್ಷ ಹಂದಿ ತಪ್ಪಿಸ್ಕೊಂಡಿತು ಅಂತ ಬಂದು ಟ್ರಿಗರ್ ಹಗುರ ಮಾಡಿಸ್ಕೊಂಡು ಹೋದ್ರು. ನಾನು ಬೇಡ ಅಂದಿದ್ದೆ. ಬೇರೆಯವರ ಕೈಗೆ ಕೊಡಬೇಡಿ ಅಂತಾನೂ ಹೇಳಿದ್ದೆ. ನನ್ನ ತಪ್ಪೇನಿಲ್ಲ." ನಾನೇನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಇವರು ತಮ್ಮನಿಗೆ ಹೇಳಲಿಲ್ಲ. ಬೆಣ್ಣೆಯಂಥ ಟ್ರಿಗರ್ ಇದು, ಜೋಕೆ ಎಂಬ ಒಂದು ಮಾತು. ಬೈಗುಳ ಅಷ್ಟುದ್ದ ಬರುವ ಬಾಯಿಗೆ ಇದು ಬರಲಿಲ್ಲ. ಇವರ ಮೇಲೂ ಸಿಟ್ಟು ಬಂತು, ಆ ಸಿಟ್ಟಿನಲ್ಲೂ ಮನಸ್ಸು ಹಗುರವಾಗಿ ಠಾಣೆಗೆ ಬಂದೆ. ತಮ್ಮನ ತಲೆಗೆ ಒಂದು ಮೊಟಕಬೇಕು, ಬಾಯಿ ಬಿಟ್ಟು ಹೇಳಬಾರದಿತ್ತೇನೋ ಎಂದು ಬೈಯಬೇಕು, ನಾಳೆ ಮನೆಗೆ ಕರೆದುಕೊಂಡು ಹೋಗಬೇಕು ಎಂದುಕೊಂಡೆ.

ಇನ್‌ಸ್ಪೆಕ್ಟರ್ ಒಂದು ಖಾಲಿ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಬಾಗಿಲು ಅರ್ಧ ಎಳೆದುಕೊಂಡಳು. ತಮ್ಮ ಎದ್ದು ನಿಂತ. ನಾನು ಕೂರುವವರೆಗೆ ಕೂರಲಿಲ್ಲ.

"ಮೊದಲ ಒತ್ತು" ಎಂದೆ.

ಅವನ ಮುಖದಲ್ಲಿ ಏನೋ ಕದಲಿತು. "ನಿನಗೆ ಯಾರು ಹೇಳಿದ್ರು?"

"ನೀನು ಯಾಕೋ ಹೇಳಲಿಲ್ಲ? ನಾನು ಹೊಡೀಲಿಲ್ಲ, ಅದೇ ಹಾರಿತು ಅನ್ನೋಕೆ ಏನಾಗಿತ್ತು ರೋಗ?"

"ಅದೊಂದು ಮಾತು ಆಡಬಾರದು ಅಕ್ಕ" ಎಂದ. "ತಾನಾಗೇ ಹಾರಿತು ಅಂತ ನಮ್ಮಲ್ಲಿ ಯಾರೂ ಹೇಳಲ್ಲ. ಬಂದೂಕು ತಾನಾಗಿ ಏನೂ ಮಾಡಲ್ಲ. ಹಾಗೆ ಹೇಳಿದೋನನ್ನ ಆಮೇಲೆ ಯಾರೂ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಲ್ಲ. ಬೆರಳು ನಂದು. ಅಷ್ಟೇ."

"ನಿನ್ನ ಸೈನ್ಯ ಮುಗೀತು ಕಣೋ ಕತ್ತೆ. ಇಲ್ಲಿ ಹೇಳದಿದ್ರೆ ಜೈಲು."

ಅವನು ತಲೆ ತಗ್ಗಿಸಿದ. ಚಿಕ್ಕವನಿದ್ದಾಗ ಏನಾದರೂ ಒಡೆದು ಬಂದರೆ ಹೀಗೇ ತಗ್ಗಿಸುತ್ತಿದ್ದ. ನಾನು ಮುಂದೆ ಬಾಗಿ ಅವನ ಕೈ ಹಿಡಿದೆ. "ಹೋಗಲಿ ಬಿಡು. ನಾಳೆ ಎಲ್ಲ ಸರಿಯಾಗುತ್ತೆ. ಹಂದಿ ಕಾಣಿಸ್ತು, ಅಭ್ಯಾಸ ಬಲದಿಂದ ಮೊದಲ ಒತ್ತು ಎಳೆದೆ, ಇದು ಹಾರಿಬಿಡ್ತು. ಅಲ್ವಾ?"

ಅವನು ಹೂಂ ಎನ್ನಲಿಲ್ಲ.

ಆಗ ನನಗೆ ನಾನು ಶೆಡ್ಡಿನಲ್ಲಿ ಎರಡು ಕೈ ಚಾಚಿ ಕೂತದ್ದು ನೆನಪಾಯಿತು. ಬೆರಳಿನ ಸಂಗತಿ ತಿಳಿದ ಸಂತೋಷದಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಗುಂಡು ಯಾಕೆ ಹಾರಿತು ಎಂಬುದು ಸರಿ. ಬಂದೂಕಿನ ಬಾಯಿ ಆ ಕಡೆ ಯಾಕಿತ್ತು?

"ಹಂದಿ ಬಲೆ ಕೆಳಗಿತ್ತು" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ನಿನ್ನ ದುರ್ಬೀನಿನಲ್ಲಿ ಏನಿತ್ತು?"

"ಭಾವ."

ಹೊರಗೆ ಯಾರೋ ಕುರ್ಚಿ ಎಳೆದ ಸದ್ದಾಯಿತು. ನಾನು ಬಾಗಿಲ ಕಡೆ ನೋಡಿದೆ.

"ನಮ್ಮದರಲ್ಲಿ ದುರ್ಬೀನು ಇರಲಿಲ್ಲ ಅಕ್ಕ" ಎಂದ, ನಿಧಾನವಾಗಿ. "ದೂರದಲ್ಲಿ ಇರೋರು ದೂರದಲ್ಲೇ ಇರ್ತಿದ್ರು. ಕಡ್ಡಿ ತರ. ಇದರಲ್ಲಿ ಕಣ್ಣಿಟ್ರೆ ಭಾವನ ಮುಖ ಇಷ್ಟು ಹತ್ತಿರ. ನಗ್ತಿದ್ರು. ಆಳುಗಳ ಎದುರಿಗೆ ಹಾಗೆ ಬೈದ ಬಾಯಿ. ಯಾಕೆ ನಗ್ತಿದಾರೆ ಅಂತ ನೋಡ್ತಾ ಇದ್ದೆ. ನೋಡ್ತಾ ಇದ್ದ ಹಾಗೇ ಬಂದೂಕಿನ ಬಾಯಿ ಕೊಂಚ ಕೆಳಗೆ ಜಾರಿತು, ಬೆರಳು ಮೊದಲ ಒತ್ತು ತಗೊಳ್ತು."

"ಬೇಕಂತ ತಗೊಂಡೆಯಾ?"

"ಬೆರಳೇ ತಗೊಳ್ತು. ಗುರಿ ಸಿಕ್ಕಿದ್ರೆ ತಗೊಳ್ಳುತ್ತೆ."

"ಹೊಡೀಬೇಕು ಅಂತ ಇತ್ತಾ ನಿನಗೆ?" ಎಂದು ಕೇಳಿದೆ. ಕೇಳಿದ ಮೇಲೆ ಉತ್ತರ ಬೇಡ ಅನ್ನಿಸಿತು.

ಅವನು ತನ್ನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಆ ಬೆರಳನ್ನು ನೋಡಿದ. "ಗೊತ್ತಿಲ್ಲ ಅಕ್ಕ. ಎಷ್ಟೋ ಸಲ ಎಷ್ಟೋ ಜನರ ಮೇಲೆ ಮೊದಲ ಒತ್ತು ಇಟ್ಕೊಂಡು ಕಾದಿದೀನಿ. ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋದು ಅಲ್ಲಿ. ಅಲ್ಲಿಂದ ಬೆರಳು ವಾಪಸ್ ಬಿಟ್ಟಿದ್ದೇ ಹೆಚ್ಚು. ಭಾವನ ಮೇಲಿಂದಾನೂ ಬಿಡ್ತಿದ್ದೆ ಅನ್ಸುತ್ತೆ. ಅನ್ಸುತ್ತೆ ಅಷ್ಟೇ. ಈ ಬಂದೂಕು ನನ್ನನ್ನ ಅಲ್ಲಿವರೆಗೆ ಹೋಗೋಕೇ ಬಿಡಲಿಲ್ಲ."

ಎದ್ದು ಬಂದೆ. ಏನು ಹೇಳಿ ಬಂದೆನೋ ನೆನಪಿಲ್ಲ. ಕಾರಿನಲ್ಲಿ ಕೂತು ಕೀಲಿ ತಿರುಗಿಸದೆ ಎಷ್ಟೋ ಹೊತ್ತು ಇದ್ದೆ. ಅವನು ಇವರನ್ನು ಕೊಲ್ಲಲು ಹೋದನೇ? ಇಲ್ಲ. ಹೋಗಲಿಲ್ಲವೇ? ಅದೂ ಇಲ್ಲ. ಹೊಡೆಯುವ ಮನಸ್ಸಿತ್ತೇ ಎಂದು ಹೊಡೆದವನಿಗೇ ಗೊತ್ತಿಲ್ಲದಿದ್ದರೆ ನಾನು ಎಲ್ಲಿಂದ ತಿಳಿಯಲಿ? ಇನ್‌ಸ್ಪೆಕ್ಟರ್ ಹೇಳಿದ್ದು ಸುಳ್ಳು. ಮಧ್ಯದಲ್ಲಿ ಏನೂ ಇಲ್ಲ ಎಂದಳಲ್ಲ, ಇರುವುದೆಲ್ಲ ಮಧ್ಯದಲ್ಲೇ ಇತ್ತು. ಅದನ್ನು ಬರೆಸಿಕೊಳ್ಳಲು ಅವಳ ಹತ್ತಿರ ಜಾಗವಿರಲಿಲ್ಲ, ಅಷ್ಟೇ.

ಬೆಳಿಗ್ಗೆ ಆಸ್ಪತ್ರೆಯ ಮಂಚದ ಒಂದು ಬದಿಗೆ ಇನ್‌ಸ್ಪೆಕ್ಟರ್ ಕೂತಿದ್ದಳು, ಇನ್ನೊಂದು ಬದಿಗೆ ಅತ್ತೆ. ನಾನು ಕಾಲಿನ ಕಡೆ ನಿಂತೆ. ನಾನು ಬೆರಳಿನ ಸಂಗತಿ ಹೇಳಿದೆ. ಮೊದಲ ಒತ್ತು, ಹಗುರ ಮಾಡಿಸಿದ ಟ್ರಿಗರ್, ಪಳಗಿದ ಕೈಯ ತಪ್ಪು. ಹಗುರದ ಮಾತು ಬಂದಾಗ ಇವರು ಕಣ್ಣು ಮುಚ್ಚಿಕೊಂಡರು. ಇನ್‌ಸ್ಪೆಕ್ಟರ್ ತಲೆಯಾಡಿಸುತ್ತ ಬರೆದುಕೊಂಡಳು. "ಒಂದೇ ಒಂದು ಪ್ರಶ್ನೆ" ಎಂದಳು. "ಅವರು ಗುರಿ ಇಟ್ಟಿದ್ದು ಹಂದಿಗೆ ತಾನೇ?"

ಪ್ರಶ್ನೆ ಇವರಿಗೆ. ಇವರು ಕಣ್ಣು ತೆರೆದು ನನ್ನನ್ನು ನೋಡಿದರು. "ಹೇಳು" ಎಂದರು. "ನಿನಗೆ ಹೇಳಿದಾನಲ್ಲ."

ಅತ್ತೆಯೂ ನನ್ನನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಅದರ ಅರ್ಧ ಮಾತ್ರ ಬರಹಕ್ಕೆ ಹೋಗುತ್ತದೆ, ಆ ಅರ್ಧ ನನ್ನ ತಮ್ಮನನ್ನು ನುಂಗುತ್ತದೆ. ಹೇಳದಿದ್ದರೆ ಇವರ ತೊಡೆಯ ಗಾಯಕ್ಕೆ ನಾನೇ ಮಣ್ಣು ಮುಚ್ಚಿದ ಹಾಗೆ.

"ಹಂದಿಗೆ" ಎಂದೆ. "ಹಂದಿ ತೊಟ್ಟಿ ಕಡೆ ಓಡ್ತಂತೆ. ಬಂದೂಕು ಅದರ ಹಿಂದೆ ತಿರುಗಿತು."

"ಹೌದು" ಎಂದರು ಇವರು. "ಓಡಿಬಂತು. ನಾನೇ ನೋಡಿದೆ. ಆಕಸ್ಮಿಕ ಅಂತ ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಸಹಿ ಹಾಕಿಸಿಕೊಂಡು ಎದ್ದಳು. ಮಧ್ಯಾಹ್ನ ಬಂದು ತಮ್ಮನನ್ನು ಕರೆದುಕೊಂಡು ಹೋಗಿ ಎಂದಳು. ಅತ್ತೆ ಉಸ್ಸೆಂದು ಉಸಿರುಬಿಟ್ಟು, ಕಣ್ಣು ಮುಖ ತೊಳೆಯಲು ಹೋದರು. ನಾನೂ ಇವರೂ ಉಳಿದೆವು. ಇವರು ಮತ್ತೆ ಫ್ಯಾನು ನೋಡತೊಡಗಿದರು.

"ಹಂದಿ ಬಲೆ ಬಿಟ್ಟು ಕದಲಲೇ ಇಲ್ಲ ಕಣೇ" ಎಂದರು.

ನಾನು ಮಂಚದ ಕಂಬಿ ಹಿಡಿದುಕೊಂಡೆ.

"ದುರ್ಬೀನಿನ ಗಾಜು ಬಿಸಿಲಿಗೆ ಹೊಳೀತು. ನನ್ನ ಕಡೆಗೇ. ನನ್ನ ನೋಡ್ತಿದಾನೆ ಅಂತ ಗೊತ್ತಾಯ್ತು. ಹಂದಿ ಆ ಕಡೆ ಇದೆಯೋ ಪೆದ್ದ ಅಂತ ಕೈ ಮಾಡಿ ನಕ್ಕೆ. ಅವನು ತಿರುಗಿಸಲಿಲ್ಲ."

"ಎಲ್ಲಾ ಗೊತ್ತಿದ್ದು ನನ್ನನ್ನ ಯಾಕೆ ಕೇಳಿದ್ರಿ?" ನನ್ನ ಸಿಟ್ಟು ಅಳುವಿನ ಹಾಗೆ ಹೊರಬಂತು.

"ನಾನೇ ಹೇಳಿದ್ರೆ ಸುಳ್ಳು ಅಂತ ನನಗೆ ಗೊತ್ತಿರುತ್ತಲ್ಲ. ನೀನು ತಿಳ್ಕೊಂಡು ಬಂದು ಹೇಳಿದ್ರೆ ನಂಬಬಹುದು ಅಂದ್ಕೊಂಡೆ."

"ನಂಬಿದ್ರಾ?"

ಇವರು ನೋವಿನ ಕಾಲನ್ನು ಎರಡು ಕೈಯಲ್ಲಿ ಹಿಡಿದು ದಿಂಬಿನ ಮೇಲೆ ಸರಿಸಿಕೊಂಡರು. ಆಮೇಲೆ, "ಅವನನ್ನ ಬೇರೆಲ್ಲೂ ಕಳಿಸಬೇಡ. ಮನೆಗೇ ಕರ್ಕೊಂಡು ಬಾ. ನಾನು ಬಂದ ಮೇಲೆ ಅವನ ಹಾಸಿಗೆ ನನ್ನ ರೂಮಲ್ಲೇ ಹಾಕು, ಎದುರಿಗೆ" ಎಂದರು.

"ಯಾಕೆ?"

"ಎಲ್ಲಿದಾನೆ ಅಂತ ನನಗೆ ಕಾಣ್ತಿರಬೇ‌ಕು."

ಪ್ರೀತಿಯಿಂದ ಹೇಳಿದರೋ ಭಯದಿಂದ ಹೇಳಿದರೋ ತಿಳಿಯಲು ಇವರ ಮುಖ ನೋಡಿದೆ. ಇವರೂ ನನ್ನ ಮುಖವನ್ನು ಹಾಗೇ ನೋಡುತ್ತಿದ್ದರು.